ಊರ ಹಿರಿಯರ ಸಂಕಲ್ಪ
(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಓದಿದ ಉಪನ್ಯಾಸ)



ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯ ಬಂಡೆಯೊಂದು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮಿಗಿಲಾಗಿ ಒಂದು ಓಲೆಯನ್ನು ಮೈಮೇಲೆ ಹೊತ್ತುಕೊಂಡಿರುವುದು. ಇದನ್ನೂ, ಸಮೀಪದ ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಶಾಸನಗಳನ್ನೂ 1892ರಲ್ಲಿ ಬಿ. ಎಲ್. ರೈಸ್ ಮಹಾಶಯರು ಬೆಳಕಿಗೆ ತಂದರು. ಇವು ಅಶೋಕ ಚಕ್ರವರ್ತಿಯ ಶಾಸನಗಳೆಂಬುದನ್ನು ಎಲ್ಲರೂ ಬಲ್ಲರು. ಯಾರನ್ನು ಕುರಿತು ಬರೆದವೆಂಬುದನ್ನು ಗಮನಿಸುವವರು ವಿರಳ. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲವೆಂಬ ಇಲ್ಲಿಯ ಪಟ್ಟಣದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ ಅದು. ಮೊದಲು ಅವರ ಆರೋಗ್ಯವನ್ನು ವಿಚಾರಿಸಿ, ಆ ಮೇಲೆ ವಿಷಯಕ್ಕೆ ಬರುವುದು. ಪ್ರಯತ್ನದ ಫಲವು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರಿಗೂ ಎಟುಕತಕ್ಕದ್ದು. ಈ ಪ್ರಯತ್ನವು ಬಹುಕಾಲ ನಿಲ್ಲಲಿ. ಕಡೆಯ ಪಕ್ಷ ಒಂದೂವರೆಯಷ್ಟಾದರೂ ಬೆಳೆಯಲಿ ಎಂಬುದು ಅದರ ತಾತ್ಪರ್ಯ. ಅಲ್ಲಿ ಹೇಳಿರುವುದು ಧರ್ಮದ ವಿಷಯವೇ ಹೊರತು ಬೀದಿ ಚರಂಡಿಗಳ ವಿಷಯವಲ್ಲ, ನಿಜ. ಆದರೂ ಒಂದು ಚಿಕ್ಕ ಪಟ್ಟಣದ ಅಧಿಕಾರಿಗಳ ಮುಂದೆ ಬಹುಕಾಲದ ಗುರಿಯನ್ನೂ ಅದನ್ನು ಅಳೆಯುವ ಅಳತೆಯನ್ನೂ ಒಟ್ಟಿಗೆ ಇಟ್ಟ ಬರಹವು ಈ ನಾಡಿನಲ್ಲಿ ಇದಕ್ಕಿಂತ ಹಳೆಯದು ದೊರೆಯುವುದು ಕಷ್ಟ.

ಇಸಿಲದ ಮಹಾಮಾತ್ರರ ಸ್ಥಾನದಲ್ಲಿ ಇಂದು ಚಳ್ಳಕೆರೆಯ ನಗರಸಭೆಯೂ ಮೊಳಕಾಲ್ಮೂರಿನ ಪಟ್ಟಣ ಪಂಚಾಯಿತಿಯೂ ಇರುವುವು. 2011ರ ಜನಗಣತಿಯಂತೆ ಮೊದಲನೆಯದರಲ್ಲಿ 55,000ದಷ್ಟು, ಎರಡನೆಯದರಲ್ಲಿ 15,000ಕ್ಕೆ ಮೀರಿದ ಜನವಿತ್ತು. 1992ರ ಸಂವಿಧಾನ ತಿದ್ದುಪಡಿಯು ಇಂತಹ ಸಭೆಗಳಿಗೆ ವಹಿಸಬಹುದಾದ ಕಾರ್ಯಗಳ ಪಟ್ಟಿಯಲ್ಲಿ ನಗರ ಯೋಜನೆಯನ್ನು ಮೊದಲಲ್ಲಿಯೇ ಹೇಳಿದೆ. ಆರ್ಥಿಕ ಸಾಮಾಜಿಕ ಅಭಿವೃದ್ಧಿಯ ಯೋಜನೆಯನ್ನೂ ನೀರು ಸರಬರಾಜನ್ನೂ ಸೇರಿಸಿದೆ. ಆದರೆ ಸಾಮಾನ್ಯವಾಗಿ ಪುರಸಭೆಗಳಲ್ಲಿ ನಡೆಯುವುದೇನು? ಮಾರ್ಚಿಗೆ ಮೊದಲು ಆಯವ್ಯಯ ಪತ್ರವು ಸಿದ್ಧವಾಗುವುದು. ಬಂದ ಹಣವನ್ನು ಹಬ್ಬದ ಹೋಳಿಗೆಯಂತೆ ವಾರ್ಡುವಾರಿಗೆ ಸಮನಾಗಿ ಹಂಚುವುದು. ಒಬ್ಬರಿಗೆ ಎರಡು ಚರಂಡಿ, ಮತ್ತೊಬ್ಬರಿಗೆ ನಾಲ್ಕು ದೀಪದ ಕಂಬ. ಹಂಚಿಕೆಯಲ್ಲಿ ನ್ಯಾಯವಿರಬಹುದು, ನೋಟವಿಲ್ಲ. ಸದಸ್ಯರ ಅವಧಿಯು ಐದೇ ವರ್ಷ. ಊರಿನ ಅವಧಿಗೆ ಅಂತಹ ಮಿತಿಯಿಲ್ಲ.

ನೋಟವೆಂದರೇನೆಂಬುದನ್ನು ಅರಿಯಲು ಈ ಸೀಮೆಯವರು ದೂರ ಹೋಗಬೇಕಾದುದಿಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಸುತ್ತಮುತ್ತ ಐದು ಕೆರೆಗಳನ್ನು ಕಟ್ಟಿಸಿದರೆಂದು ಪರಂಪರೆಯು ಹೇಳುವುದು. ಮಾಡಿದಷ್ಟು ನೀಡು ಭಿಕ್ಷೆ ಎಂಬ ಮಾತನ್ನು ಭಕ್ತರು ಅವರ ಹೆಸರಿನೊಡನೆಯೇ ಉಚ್ಚರಿಸುವರು. ದುಡಿಮೆಗೆ ತಕ್ಕ ಕೂಲಿ ಎಂಬ ಕಾಯಕದ ಲೆಕ್ಕವು ಆ ಮಾತಿನೊಳಗೆ ಅಡಗಿದೆ. ಕೆರೆಯನ್ನು ಕಟ್ಟುವುದು ಒಮ್ಮೆ. ಹೂಳೆತ್ತುವುದು, ಏರಿಯ ಮೇಲೆ ಬೆಳೆದ ಮುಳ್ಳುಗಿಡವನ್ನು ಕೀಳುವುದು, ತೂಬನ್ನೂ ಕೋಡಿಯನ್ನೂ ಸರಿಪಡಿಸುವುದು ವರ್ಷವರ್ಷವೂ. ಕೆರೆಯು ಬಹುಕಾಲದ ನೋಟ, ಹೂಳು ವರ್ಷದ ಗುರಿ. ಒಂದನ್ನು ಬಿಟ್ಟು ಮತ್ತೊಂದು ಉಳಿಯದೆಂಬುದನ್ನು ಹಿಂದಿನ ನೀರುಗಂಟಿಯು ಯಾವ ಯೋಜನಾ ಗ್ರಂಥವನ್ನೂ ಓದದೆ ತಿಳಿದಿದ್ದನು.

ಮಳೆಯು ವರ್ಷಕ್ಕೆ ಸುಮಾರು 500 ಮಿಲಿಮೀಟರು ಬೀಳುವುದೂ ದುರ್ಲಭವಾದ ಈ ಬಯಲುಸೀಮೆಯಲ್ಲಿ ನೀರಿನ ಕಾಲಮಾನವೇ ಬೇರೆ. ಚಳ್ಳಕೆರೆ ತಾಲ್ಲೂಕಿನಲ್ಲಿ ಹರಿಯುವ ವೇದಾವತಿಗೆ ಮೇಲ್ಗಡೆ ಹಿರಿಯೂರಿನ ಬಳಿ ಕಟ್ಟಿದ ವಾಣಿವಿಲಾಸ ಸಾಗರವನ್ನು ನೋಡಬಹುದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1898ರಲ್ಲಿ, ಕೆಲಸವು ಮೊದಲಾಯಿತು. 1901ರಲ್ಲಿ ಅವರು ದೈವಾಧೀನರಾದರು. ಕಟ್ಟೆಯು ಮುಗಿದದ್ದು 1907ರಲ್ಲಿ. ತುಂಬಿ ಕೋಡಿ ಹರಿದದ್ದು 1933ರಲ್ಲಿ; ಮತ್ತೊಮ್ಮೆ ಹರಿಯಲು 2022 ಬರಬೇಕಾಯಿತು. ಎಂಬತ್ತೊಂಬತ್ತು ವರ್ಷಗಳ ಕಾಲ ಕೋಡಿ ಬೀಳದ ಕಟ್ಟೆಯನ್ನು ಐದು ವರ್ಷದ ಮಾನದಿಂದ ಅಳೆದಿದ್ದರೆ ಅದು ವ್ಯರ್ಥವೆಂದೇ ತೀರ್ಮಾನವಾಗುತ್ತಿತ್ತು. ತಾನು ಕಾಣದ ನೀರಿಗಾಗಿ ಕಲ್ಲು ಇಡಿಸುವ ಧೈರ್ಯವೇ ಹಿರಿತನ.

ನೋಟವಿಲ್ಲದ ಊರಿಗೆ ಏನಾಗುವುದೆಂಬುದನ್ನೂ ಚಳ್ಳಕೆರೆಯು ಅನುಭವಿಸಿದೆ. ಶೇಂಗಾ ಬೆಳೆಯಿಂದಲೂ ಗಾಣ ಗಿರಣಿಗಳಿಂದಲೂ ಅದು ಎಣ್ಣೆಯ ನಗರವೆಂದು ಹೆಸರಾಗಿ, ಎರಡನೆಯ ಮುಂಬಯಿ ಎಂದು ಕರೆಯಿಸಿಕೊಂಡಿತು. 1994ರಲ್ಲಿ ಹೊರದೇಶದ ತಾಳೆಯೆಣ್ಣೆಗೆ ಬಾಗಿಲು ತೆರೆದ ಮೇಲೆ, ಮಳೆಯೂ ಕೈಕೊಟ್ಟ ವರ್ಷಗಳಲ್ಲಿ, ಅನೇಕ ಗಿರಣಿಗಳು ಮುಚ್ಚಿದುವು. ಒಂದೇ ಕಾಳನ್ನು ನಂಬಿದ ಊರು ಮುಂದಿನ ಕಾಳನ್ನು ಯೋಚಿಸಿರಲಿಲ್ಲ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆತಿರುವುದು ಸಂತೋಷವೇ; ಆದರೆ ಮಗ್ಗದ ಗುಂಡಿಯಲ್ಲಿ ಮುಂದೆ ಯಾರು ಕೂರುವರೆಂಬುದನ್ನು ಮನ್ನಣೆಯ ಪತ್ರವು ಹೇಳಲಾರದು.

ಇದಕ್ಕಿಂತಲೂ ಗಂಭೀರವಾದುದು ಕಾವಲುಗಳ ವಿಷಯ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ಹೆಸರಿದ್ದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿದ ರಾಸುಗಳ ಇಲಾಖೆಗೆ ಮೀಸಲಾದ ಹುಲ್ಲುಗಾವಲುಗಳಿವು. ಕುರಿಯ ಉಣ್ಣೆ, ಅದರಿಂದ ಕಂಬಳಿ, ದನಕರು, ಇವೆಲ್ಲವೂ ಆ ಹುಲ್ಲಿನ ಮಕ್ಕಳು. 2008ರ ನಂತರದ ಕೆಲವೇ ವರ್ಷಗಳಲ್ಲಿ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳಲ್ಲಿ ಸುಮಾರು 10,000 ಎಕರೆಯು ದೇಶದ ದೊಡ್ಡ ಸಂಸ್ಥೆಗಳ ಪಾಲಾಯಿತು. ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ರಕ್ಷಣಾ ಸಂಶೋಧನೆಗೆ 4,000 ಎಕರೆಗೂ ಮಿಗಿಲು. ವಿಜ್ಞಾನವು ಬೇಡವೆಂದು ವಿವೇಕಿಗಳಾರೂ ಅನ್ನರು. 2017ರಲ್ಲಿ ಅಲ್ಲಿ ವಿಮಾನ ಪರೀಕ್ಷಾ ಕೇಂದ್ರವು ಉದ್ಘಾಟನೆಯಾದಾಗ ಹೆಮ್ಮೆಪಟ್ಟವರೂ ಇಲ್ಲಿಯವರೇ. ಆದರೆ ಕುರಿ ಮೇಯಿಸುತ್ತಿದ್ದ ಅನೇಕರಿಗೆ ಸುದ್ದಿ ತಿಳಿದದ್ದು ಗೋಡೆ ಎದ್ದಾಗ. ವಿಷಯವು ಹಸಿರು ನ್ಯಾಯಾಧಿಕರಣದ ಮುಂದೆ ಹೋಗಿ, 2013ರಲ್ಲಿ ಸತ್ಯಶೋಧನೆಗೆಂದು ಸಮಿತಿಯು ಬಂದಿತು. ಈ ಹುಲ್ಲು ಯಾರದು, ಇದರಲ್ಲಿ ಎಷ್ಟು ಉಳಿಯಬೇಕು ಎಂಬ ಬರಹವೊಂದನ್ನು ಊರುಗಳ ಹಿರಿಯರು ಹತ್ತು ವರ್ಷ ಮೊದಲೇ ಒಮ್ಮತದಿಂದ ಸಿದ್ಧಪಡಿಸಿದ್ದರೆ, ಕೇಳುವವರಿಗೆ ತೋರಿಸಲು ಕೈಯಲ್ಲಿ ಏನಾದರೂ ಇರುತ್ತಿತ್ತು. ಬರೆಯದೆ ಬಿಟ್ಟ ಹಾಳೆಯ ಮೇಲೆ ಬೇರೆಯವರು ಬರೆದರು.

ಆದುದರಿಂದ ಮಾಡತಕ್ಕದ್ದು ಇಷ್ಟು. ಇಪ್ಪತ್ತೈದು ವರ್ಷಗಳ ಮುಂದೆ ಊರು ಹೇಗಿರಬೇಕೆಂಬುದನ್ನು ಎರಡೂ ಸಭೆಗಳು ಒಂದೇ ಹಾಳೆಯಲ್ಲಿ, ಮನೆಯ ಅಜ್ಜಿಗೂ ತಿಳಿಯುವ ಕನ್ನಡದಲ್ಲಿ ಬರೆಯಲಿ. ಬರೆಯುವಾಗ ಕಂಬಳಿಯವರನ್ನೂ ಮಗ್ಗದವರನ್ನೂ, ನಲ್ಲಿಯ ಮುಂದೆ ಕೊಡವಿಟ್ಟು ಕಾಯುವ ತಾಯಂದಿರನ್ನೂ ಕೂರಿಸಿಕೊಳ್ಳಲಿ. ಅನುಭವ ಮಂಟಪದ ಪರಂಪರೆಯವರಿಗೆ ಇದು ಹೊಸ ಪಾಠವಲ್ಲ. ವರ್ಷಕ್ಕೆ ಮೂರಕ್ಕಿಂತ ಹೆಚ್ಚು ಗುರಿಗಳು ಬೇಡ. ಕೆರೆಗೆ ನೀರು ತರುವ ಒಂದು ಕಾಲುವೆಯ ಒತ್ತುವರಿಯನ್ನು ಬಿಡಿಸುವುದು ಒಂದು ಗುರಿಯಾಗಬಹುದು. ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಎಷ್ಟಿದೆಯೆಂದು ಪರೀಕ್ಷಿಸಿ ಬೀದಿಯಲ್ಲಿ ಫಲಕ ಹಾಕುವುದು ಇನ್ನೊಂದಾಗಬಹುದು. ಭದ್ರಾ ಮೇಲ್ದಂಡೆಯ ನೀರು ಬರುವುದೆಂದು ಕಾಯುತ್ತ ಕೈಕಟ್ಟಿ ಕೂರುವುದು ಗುರಿಯಲ್ಲ. ನೀರು ಬಂದ ದಿನ ಹೂಳು ತುಂಬಿದ ಕೆರೆಯು ಅದನ್ನು ಎಲ್ಲಿ ಇಟ್ಟುಕೊಳ್ಳುವುದು?

ಅಧ್ಯಕ್ಷರು ಬದಲಾದಾಗ ಆ ಹಾಳೆಯು ಬೀರುವಿನೊಳಗೆ ಸೇರಿಹೋಗದಂತೆ ಶ್ರೀಮಠವು ಒಂದು ಸಹಾಯವನ್ನು ಮಾಡಬಹುದು. ಚುನಾವಣೆಯಿಲ್ಲದ ಸ್ಥಳವಾದ್ದರಿಂದ ಅದರ ಒಂದು ಪ್ರತಿಯು ಇಲ್ಲಿರಲಿ. ಫಾಲ್ಗುಣದಲ್ಲಿ ನಾಯಕನಹಟ್ಟಿಯ ತೇರಿಗೆ ಎರಡು ತಾಲ್ಲೂಕುಗಳ ಜನವೂ ಸೇರುವುದಷ್ಟೆ. ಆಯವ್ಯಯದ ಹೊಸ ವರ್ಷವು ಏಪ್ರಿಲ್ ಒಂದಕ್ಕೆ ಮೊದಲಾಗುವುದರಿಂದ ಕಾಲವೂ ಹೊಂದುವುದು. ಹೇಳಿದ್ದೇನು, ಆದದ್ದೇನು, ಉಳಿದದ್ದೇನು ಎಂಬ ಮೂರು ಸಾಲನ್ನು ಅಲ್ಲಿ ಜನರ ಮುಂದೆ ಓದುವ ವಾಡಿಕೆಯನ್ನು ಹಾಕಿಕೊಳ್ಳಬಹುದು. ಮೊದಲ ವರ್ಷ ಯಾವ ಊರಿನವರು ಮೊದಲು ಎದ್ದು ಓದಬೇಕೆಂಬುದನ್ನು ಚಳ್ಳಕೆರೆಯವರೂ ಮೊಳಕಾಲ್ಮೂರಿನವರೂ ತಮ್ಮತಮ್ಮಲ್ಲಿಯೇ ನಿಶ್ಚಯಿಸಿಕೊಳ್ಳಲಿ.