ಅಂಕಿಅಂಶಗಳು ಕಟಕಟೆ ಏರಿದಾಗ

(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂದು ನೀವು ಪೌರನೀತಿ ಪುಸ್ತಕದಲ್ಲಿ ಓದಿದ್ದೀರಿ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೀರಿ. ಅಮೆರಿಕದ ಸಂವಿಧಾನಕ್ಕೆ 1868ರಲ್ಲಿ ಸೇರಿದ ಹದಿನಾಲ್ಕನೆಯ ತಿದ್ದುಪಡಿಯೂ ಇದನ್ನೇ ಹೇಳುತ್ತದೆ. ಅದಕ್ಕೂ ಮುಂಚೆ, ಗುಲಾಮಗಿರಿಯ ಕಾಲದಲ್ಲಿ, ಜಾರ್ಜಿಯಾ ರಾಜ್ಯದ ಕಾನೂನು ಕಪ್ಪು ವರ್ಣೀಯರಿಗೆ ಒಂದು ಶಿಕ್ಷೆ, ಬಿಳಿಯರಿಗೆ ಇನ್ನೊಂದು ಎಂದು ಬರೆದೇ ಇಟ್ಟಿತ್ತು. ಆ ಸಾಲುಗಳು ಅಳಿದವು. ಭೇದವೂ ಅಳಿಯಿತೇ? ಒಂದೇ ಒಂದು ಮೊಕದ್ದಮೆಯನ್ನು ಹಿಡಿದು ಇದನ್ನು ನೋಡೋಣ.

1978ರಲ್ಲಿ ಅದೇ ಜಾರ್ಜಿಯಾದ ಅಟ್ಲಾಂಟಾ ನಗರದ ಪೀಠೋಪಕರಣದ ಅಂಗಡಿಯೊಂದರಲ್ಲಿ ದರೋಡೆ ನಡೆದು, ಬಿಳಿಯ ಪೊಲೀಸ್ ಅಧಿಕಾರಿಯೊಬ್ಬರು ಗುಂಡೇಟಿಗೆ ಬಲಿಯಾದರು. ವಾರೆನ್ ಮೆಕ್ಲೆಸ್ಕಿ ಎಂಬ ಕಪ್ಪು ವರ್ಣೀಯನಿಗೆ ಮರಣದಂಡನೆಯಾಯಿತು. ಹನ್ನೆರಡು ಮಂದಿಯ ಜ್ಯೂರಿಯಲ್ಲಿ ಹನ್ನೊಂದು ಜನ ಬಿಳಿಯರು. ಆತ ನಿರಪರಾಧಿ ಎಂದು ವಾದಿಸಲು ನಾನು ಬಂದಿಲ್ಲ. ಸತ್ತವರು ಕಪ್ಪು ವರ್ಣೀಯರಾಗಿದ್ದರೆ ಇದೇ ಶಿಕ್ಷೆ ಆಗುತ್ತಿತ್ತೇ ಎಂಬುದಷ್ಟೇ ಪ್ರಶ್ನೆ.

ಇದಕ್ಕೆ ಉತ್ತರ ಹುಡುಕಿದವರು ಡೇವಿಡ್ ಬಾಲ್ಡಸ್ ಎಂಬ ಕಾನೂನು ಪ್ರಾಧ್ಯಾಪಕರು. 1970ರ ದಶಕದ ಜಾರ್ಜಿಯಾದ ಎರಡು ಸಾವಿರಕ್ಕೂ ಹೆಚ್ಚು ಕೊಲೆ ಪ್ರಕರಣಗಳನ್ನು ಅವರೂ ಅವರ ಸಹೋದ್ಯೋಗಿಗಳೂ ಒಂದೊಂದಾಗಿ ಪರಿಶೀಲಿಸಿದರು. ಕೊಲೆಯಾದವರು ಬಿಳಿಯರಾದಲ್ಲಿ ನೂರಕ್ಕೆ 11 ಆರೋಪಿಗಳಿಗೆ ಮರಣದಂಡನೆ, ಕಪ್ಪು ವರ್ಣೀಯರಾದಲ್ಲಿ ನೂರಕ್ಕೆ 1. ಅಪರಾಧಗಳೇ ಬೇರೆ ಬೇರೆ ಇರಬಹುದಲ್ಲ ಎಂದು ನೀವು ಕೇಳಬಹುದು, ಕೇಳಲೇಬೇಕು. ಬಾಲ್ಡಸ್ ಜನಾಂಗಕ್ಕೆ ಸಂಬಂಧಿಸದ 39 ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಮತ್ತೆ ನೋಡಿದರು. ಆಗಲೂ ಅನುಪಾತ 4.3 ಪಟ್ಟು ಉಳಿಯಿತು. (ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಿ: ಇದು ಆಡ್ಸ್ ಅನುಪಾತ, ನೇರ ಶೇಕಡಾವಾರಲ್ಲ.)

ಭೇದ ನುಸುಳುವ ಬಾಗಿಲೂ ಸಿಕ್ಕಿತು. ಆರೋಪಿ ಕಪ್ಪು, ಸತ್ತವರು ಬಿಳಿಯರು ಆಗಿದ್ದ ಪ್ರಕರಣಗಳಲ್ಲಿ ಶೇ. 70ರಲ್ಲಿ ಸರ್ಕಾರಿ ವಕೀಲರು ಮರಣದಂಡನೆ ಕೇಳಿದ್ದರು. ಇಬ್ಬರೂ ಕಪ್ಪು ಆಗಿದ್ದಲ್ಲಿ ಶೇ. 15ರಲ್ಲಿ ಮಾತ್ರ. ಕೇಳುವುದೂ ಬಿಡುವುದೂ ಅವರ ವಿವೇಚನೆಗೆ ಬಿಟ್ಟದ್ದು. ಕಾನೂನು ಪುಸ್ತಕದಲ್ಲಿ ಬಣ್ಣದ ಹೆಸರಿಲ್ಲ, ವಿವೇಚನೆಯಲ್ಲಿ ಇದೆ.

ಸುಪ್ರೀಂ ಕೋರ್ಟ್ 1987ರ ಏಪ್ರಿಲ್ 22ರಂದು ತೀರ್ಪು ಕೊಟ್ಟಿತು. ಅಧ್ಯಯನ ಸರಿಯೆಂದೇ ಇಟ್ಟುಕೊಳ್ಳೋಣ ಎಂದ ನ್ಯಾಯಮೂರ್ತಿ ಲೂಯಿಸ್ ಪವೆಲ್, ಆದರೂ ಈತನ ಮೊಕದ್ದಮೆಯಲ್ಲೇ ಯಾರೋ ಬೇಕೆಂದು ತಾರತಮ್ಯ ಮಾಡಿದರೆಂಬುದಕ್ಕೆ ಪುರಾವೆ ಬೇಕು ಎಂದರು. ಈ ವಾದವನ್ನು ಒಪ್ಪಿದರೆ ಇಡೀ ದಂಡನ ವ್ಯವಸ್ಥೆಯೇ ಪ್ರಶ್ನೆಗೊಳಗಾದೀತು ಎಂಬ ಅಳುಕೂ ಆ ತೀರ್ಪಿನಲ್ಲಿತ್ತು. ಭಿನ್ನಮತ ಬರೆದ ನ್ಯಾಯಮೂರ್ತಿ ಬ್ರೆನನ್ ಇದನ್ನು ಅತಿಯಾದ ನ್ಯಾಯದ ಭಯವೆಂದು ಕರೆದರು. ಐದು ಮತಕ್ಕೆ ನಾಲ್ಕು. ಮೆಕ್ಲೆಸ್ಕಿ ಸೋತ.

ಸ್ನೇಹಿತರೇ, ಬಣ್ಣ ನೋಡಿಯೇ ಗಲ್ಲು ಕೇಳಿದೆ ಎಂದು ಯಾವ ವಕೀಲ ತಾನೇ ಒಪ್ಪಿಕೊಂಡಾನು? ಎಷ್ಟೋ ಸಲ ಅವನಿಗೇ ಅದರ ಅರಿವಿರುವುದಿಲ್ಲ. ಒಂದು ಪ್ರಕರಣದಲ್ಲಿ ಕಾಣದ್ದು ಎರಡು ಸಾವಿರ ಪ್ರಕರಣಗಳಲ್ಲಿ ಕಾಣುತ್ತದೆ. ನ್ಯಾಯಾಲಯ ಆ ಕನ್ನಡಿಯನ್ನೇ ಪಕ್ಕಕ್ಕಿಟ್ಟಿತು.

ನಮ್ಮಲ್ಲಿಯೂ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೈದಿಗಳ ಧರ್ಮ, ಜಾತಿವರ್ಗ, ಶಿಕ್ಷಣದ ಅಂಕಿಗಳನ್ನು ಪ್ರಕಟಿಸುತ್ತ ಬಂದಿದೆ. ಬರಿಯ ಶೇಕಡಾವಾರು ಹಿಡಿದು ವೇದಿಕೆಯಲ್ಲಿ ಗುಡುಗುವುದು ಸುಲಭ. ಬಾಲ್ಡಸ್ ಮಾಡಿದಂತೆ ಒಂದೇ ಬಗೆಯ ಅಪರಾಧಗಳನ್ನು ಅಕ್ಕಪಕ್ಕ ಇಟ್ಟು ತೂಗುವುದು ಕಷ್ಟದ ಕೆಲಸ. ಅದನ್ನು ಮಾಡಬಲ್ಲ ಕಾನೂನು ಪದವೀಧರರು ನಿಮ್ಮಲ್ಲಿ ಎಷ್ಟು ಮಂದಿ ಇದ್ದೀರಿ?

ನಿವೃತ್ತರಾದ ಪವೆಲ್ ಅವರನ್ನು 1991ರಲ್ಲಿ ಅವರ ಜೀವನಚರಿತ್ರೆಕಾರರು, ಯಾವುದಾದರೂ ಮೊಕದ್ದಮೆಯಲ್ಲಿ ನಿಮ್ಮ ಮತ ಬದಲಿಸುವಿರಾ ಎಂದು ಕೇಳಿದರು. ಪವೆಲ್ ಹೆಸರಿಸಿದ್ದು ಮೆಕ್ಲೆಸ್ಕಿಯ ಮೊಕದ್ದಮೆಯನ್ನು. ಅದೇ ವರ್ಷ ಸೆಪ್ಟೆಂಬರ್ 25ರಂದು ಮೆಕ್ಲೆಸ್ಕಿಯನ್ನು ವಿದ್ಯುತ್ ಕುರ್ಚಿಯಲ್ಲಿ ಕೊಲ್ಲಲಾಯಿತು. ಉದ್ದೇಶವನ್ನು ಸಾಬೀತುಪಡಿಸದೆಯೂ ಅಂಕಿಅಂಶಗಳ ಬಲದಿಂದ ಜನಾಂಗಭೇದವನ್ನು ಪ್ರಶ್ನಿಸಬಹುದೆಂಬ ಕಾನೂನನ್ನು ಕ್ಯಾಲಿಫೋರ್ನಿಯಾ ರಾಜ್ಯ ಮಾಡಿದ್ದು 2020ರಲ್ಲಿ.