ಹೆಚ್ಚುವರಿ ವರ್ಷದ ಹೊರೆ ಯಾರ ಹೆಗಲಿಗೆ?

(ರಾಮಗಿರಿಯಲ್ಲಿ ಪಾಲಕರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಿಗದಿತ ಅವಧಿಯೊಳಗೆ ಪದವಿ ಮುಗಿಸಲಾಗದ ವಿದ್ಯಾರ್ಥಿಯ ಖರ್ಚನ್ನು ಯಾರು ಭರಿಸಬೇಕು? ಅಮೆರಿಕದ ಟೆಕ್ಸಾಸ್ ರಾಜ್ಯವು ಇದಕ್ಕೆ ಕಾನೂನಿನ ಮೂಲಕವೇ ಉತ್ತರಿಸಿದೆ. ಪದವಿಗೆ ಅಗತ್ಯವಾದುದಕ್ಕಿಂತ 30 ಕ್ರೆಡಿಟ್, ಅಂದರೆ ಸುಮಾರು ಒಂದು ವರ್ಷದ ಓದು, ಮೀರಿದರೆ ಅಲ್ಲಿನ ಸರಕಾರ ಅನುದಾನ ನಿಲ್ಲಿಸುತ್ತದೆ. ಕಾಲೇಜು ಅಧಿಕ ಶುಲ್ಕ ವಿಧಿಸಬಹುದು.

ನಮ್ಮಲ್ಲಿ ಅಂತಹ ಕಾನೂನಿಲ್ಲ. ಆದರೆ ಪರಿಣಾಮ ಬಹಳ ಭಿನ್ನವೇನಲ್ಲ. ಅಲ್ಪಸಂಖ್ಯಾತರಿಗಾಗಿ 2007ರಲ್ಲಿ ಆರಂಭವಾದ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕುಟುಂಬದ ವಾರ್ಷಿಕ ಆದಾಯ 2 ಲಕ್ಷ ರೂಪಾಯಿ ಮೀರಬಾರದು, ಹಿಂದಿನ ಪರೀಕ್ಷೆಯಲ್ಲಿ ಶೇ. 50 ಅಂಕ ಬಂದಿರಬೇಕು ಎಂಬ ಷರತ್ತುಗಳಿದ್ದವು. ಬಡವನೆಂದು ಗುರುತಿಸಿ ಕೈಹಿಡಿದ ಯೋಜನೆಯೇ, ಬಡತನದಿಂದಾಗಿ ಆತ ಎಡವಿದಾಗ ಕೈಬಿಡುತ್ತಿತ್ತು.

ಇನ್ನು ಪದವಿಯ ಅವಧಿಯೇ ಸ್ಥಿರವಾಗಿರಲಿಲ್ಲ. ಕರ್ನಾಟಕವು 2021ರಲ್ಲಿ ನಾಲ್ಕು ವರ್ಷಗಳ ಆನರ್ಸ್ ಪದವಿಯನ್ನು ಜಾರಿಗೆ ತಂದಿತು. ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿಯ ಬಳಿಕ 2024ರ ಮೇ ತಿಂಗಳಲ್ಲಿ ಮೂರು ವರ್ಷಗಳ ಪದವಿಗೆ ಮರಳಿತು. ಉಳ್ಳವರಿಗೆ ಹೆಚ್ಚಿನ ಅವಕಾಶವೆನಿಸುವ ಒಂದು ವರ್ಷ, ದಿನಗೂಲಿಯ ಮನೆಗೆ ಒಂದು ವರ್ಷದ ದುಡಿಮೆಯ ನಷ್ಟ.

ಸಾರ್ವಜನಿಕ ಹಣವು ಅಮಾನತ್ತು. ಅದನ್ನು ಸೋಮಾರಿತನದಿಂದ ಪೋಲು ಮಾಡುವ ಹಕ್ಕು ಯಾವ ವಿದ್ಯಾರ್ಥಿಗೂ ಇಲ್ಲ. ಆದರೆ ಇಲ್ಲಿಂದ ಹೊಳಲ್ಕೆರೆಗೋ ಚಿತ್ರದುರ್ಗಕ್ಕೋ ಬಸ್ಸಿನಲ್ಲಿ ಹೋಗಿಬಂದು ಸಂಜೆ ಗ್ಯಾರೇಜಿನಲ್ಲಿ ದುಡಿಯುವ ಹುಡುಗ ಸೋಮಾರಿಯೇ? ಅಕ್ಕನ ಬಾಣಂತನಕ್ಕಾಗಿ ಮನೆಯವರೇ ಪರೀಕ್ಷೆ ತಪ್ಪಿಸಿದ ಹುಡುಗಿ ಅಪರಾಧಿಯೇ? ಸಕಾರಣವಿದ್ದವರಿಗೆ ಇನ್ನೊಂದು ವರ್ಷ ನೆರವು ಮುಂದುವರಿಯಬೇಕೆಂದು ನಾವು ಸರಕಾರವನ್ನು ಆಗ್ರಹಿಸಬೇಕು.

ಸರಕಾರವನ್ನು ದೂರಿ ಸುಮ್ಮನಾದರೆ ನಮ್ಮ ಹೊಣೆ ತೀರದು. ಕುರ್‌ಆನಿನ ಅತ್ತೌಬ ಅಧ್ಯಾಯದ 60ನೇ ಸೂಕ್ತವು ಝಕಾತ್‌ನ ಹಕ್ಕುದಾರರಲ್ಲಿ ಬಡವರನ್ನೂ ಸಾಲಗಾರರನ್ನೂ ಎಣಿಸಿದೆ. ಶುಲ್ಕಕ್ಕಾಗಿ ಸಾಲ ಮಾಡಿದ ಬಡ ವಿದ್ಯಾರ್ಥಿ ನಮ್ಮ ಮೊಹಲ್ಲಾದಲ್ಲಿಯೇ ಇರುವಾಗ, ಮದುವೆಯ ಆಡಂಬರಕ್ಕೆ ಹಣ ಸುರಿಯುವುದು ಎಷ್ಟು ಸರಿ?

ಆದ್ದರಿಂದ ಪ್ರತಿ ಜಮಾಅತ್ ಮೂರು ಕೆಲಸ ಮಾಡಲಿ: ಪ್ರವೇಶಕ್ಕೆ ಮುಂಚೆ ಕೋರ್ಸಿನ ಬಗ್ಗೆ ಮಾರ್ಗದರ್ಶನ ನೀಡಲಿ, ಮರುಪರೀಕ್ಷೆಯ ಶುಲ್ಕಕ್ಕೆ ನಿಧಿ ಸ್ಥಾಪಿಸಲಿ, ಪರೀಕ್ಷೆಯ ದಿನಗಳಲ್ಲಿ ಹೆಣ್ಣುಮಕ್ಕಳನ್ನು ಮನೆಗೆಲಸದಿಂದ ಬಿಡುಗಡೆಗೊಳಿಸುವಂತೆ ಪಾಲಕರಿಗೆ ತಿಳಿಹೇಳಲಿ. ಒಮ್ಮೆ ಎಡವಿದವರನ್ನು ಎತ್ತಿ ನಿಲ್ಲಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ.