ಶಿವನ ಪ್ರತಿಮೆ, ಕಾವಿಯ ಗೋಡೆ



ಭಟ್ಕಳದಿಂದ ಹೊನ್ನಾವರ ದಾಟಿ ಕುಮಟೆಯತ್ತ ಹೊರಟ ಪ್ರವಾಸಿಗರು ಮುರ್ಡೇಶ್ವರದಲ್ಲಿ ಇಳಿಯದೆ ಮುಂದೆ ಹೋಗುವುದಿಲ್ಲ. ಶಿವನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಊಟ ಮುಗಿಸಿ ಬಸ್ಸು ಹತ್ತುತ್ತಾರೆ. ಪ್ರತಿಮೆ 123 ಅಡಿ ಎತ್ತರವೆಂಬುದು ಎಲ್ಲರಿಗೂ ಗೊತ್ತು. ಮಾಡಿದವರು ಯಾರೆಂದು ಕೇಳಿದರೆ ಉತ್ತರ ಬರುವುದು ಅಪರೂಪ. ಶಿವಮೊಗ್ಗದ ಶಿಲ್ಪಿ ಕಾಶೀನಾಥ್ ಮತ್ತು ಅವರ ತಂಡದ ಕೆಲಸ ಅದು, ಕಟ್ಟಿಸಿದವರು ಉದ್ಯಮಿ ಆರ್.ಎನ್. ಶೆಟ್ಟರು.

ಕೈಮುಗಿದಾದ ಮೇಲೆ ಅದನ್ನೊಮ್ಮೆ ಶಿಲ್ಪವಾಗಿಯೂ ನೋಡಿ. ಶಿವನ ಮುಖ ಪೂರ್ವಕ್ಕಿದೆ, ಬೆನ್ನ ಹಿಂದೆ ಕಡಲು. ಹಾಗಾಗಿ ಹೋಗುವುದಾದರೆ ಬೆಳಿಗ್ಗೆಯೇ ಹೋಗಬೇಕು. ಬಿಸಿಲು ಎದುರಿನಿಂದ ಬಿದ್ದಾಗ ಮುಖದ ಉಬ್ಬುತಗ್ಗು ಕಾಣುತ್ತದೆ, ಸಂಜೆಗೆ ಉಳಿಯುವುದು ಬರೀ ಕಪ್ಪು ಆಕಾರ. ಪಾದದ ಬುಡದಿಂದ ಕತ್ತೆತ್ತಿದರೆ ಮೊಣಕಾಲೇ ದೊಡ್ಡದಾಗಿ, ಮುಖ ಎಲ್ಲೋ ಹಿಂದೆ ಸರಿದಂತೆ ಕಾಣುತ್ತದೆ. 237 ಅಡಿಯ ರಾಜಗೋಪುರದ ಲಿಫ್ಟ್ ಹತ್ತಿ ಮೇಲಿನ ಕಿಟಕಿಯಿಂದ ನೋಡಿ, ಅದೇ ಶಿವ ಕಡಲಿಗೆ ಒಪ್ಪುವ ಅಳತೆಗೆ ಬಂದು ಕೂತಿರುತ್ತಾನೆ. ಸುತ್ತಲಿನ ಗೀತೋಪದೇಶದ ರಥವನ್ನೂ, ರಾವಣನಿಂದ ಆತ್ಮಲಿಂಗ ಪಡೆಯುವ ಗಣಪನನ್ನೂ ಸಿಮೆಂಟಿನ ಗೊಂಬೆಗಳೆಂದು ಕೆಲವರು ಮೂಗು ಮುರಿಯುತ್ತಾರೆ. ನಾನು ಒಪ್ಪುವುದಿಲ್ಲ. ಜನ ನಿಂತು, ಮಕ್ಕಳಿಗೆ ಕಥೆ ಹೇಳಿ ನೋಡುವ ಶಿಲ್ಪ ನಮ್ಮ ಕಾಲದ್ದೇ ಕಲೆ.

ಭಟ್ಕಳದಲ್ಲಿ ಕೇತಪೈ ನಾರಾಯಣ ದೇವಾಲಯವನ್ನೂ ತಪ್ಪಿಸಬೇಡಿ. 16ನೇ ಶತಮಾನದ ಗುಡಿ. ಗೋಡೆಯ ಮೇಲಿನ ಪುಟ್ಟ ಪುಟ್ಟ ಕೆತ್ತನೆಗಳಿಗೆ ಒಂದು ಗಂಟೆಯಾದರೂ ಬೇಕು.

ಗೋಡೆಚಿತ್ರ ನೋಡಲು ಕೊಚ್ಚಿಯ ಬೀದಿಗಳಿಗೆ ಹೋಗುವವರು ನಮ್ಮಲ್ಲಿದ್ದಾರೆ. ಒಳ್ಳೆಯದೇ. ಆದರೆ ಟಿಕೆಟ್ಟಿಲ್ಲದೆ, ದಾರಿಹೋಕರೆಲ್ಲ ನೋಡಲೆಂದು ಗೋಡೆಯ ಮೇಲೆ ಚಿತ್ರ ಬರೆಯುವ ಪದ್ಧತಿ ಈ ಕರಾವಳಿಯಲ್ಲೂ ಇತ್ತು. ಅದೇ ಕಾವಿ ಕಲೆ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪ ಕೊಟ್ಟು, ಅದು ಹಸಿಯಿರುವಾಗಲೇ ಚೂಪು ಮೊನೆಯಿಂದ ಗೀರಿ ಕೆರೆಯುತ್ತಿದ್ದರು. ಕೆರೆದಲ್ಲಿ ಒಳಗಿನ ಬಿಳುಪು ಹೊರಬರುತ್ತದೆ. ಎರಡೇ ಬಣ್ಣ! ಅಷ್ಟರಲ್ಲೇ ದೇವರು, ಆನೆ, ಬಳ್ಳಿ, ಅಂಚಿನ ಚಿತ್ತಾರ ಎಲ್ಲ ಮೂಡುತ್ತವೆ. ಹತ್ತಿರ ಹೋದರೆ ಗೀರಿನ ಆಳ ಕಾಣುತ್ತದೆ, ಎಲ್ಲಿ ಕೈ ಒತ್ತಿತು, ಎಲ್ಲಿ ಜಾರಿತು ಎಂಬುದೂ ತಿಳಿಯುತ್ತದೆ.

ಹೊನ್ನಾವರದಲ್ಲೇ 1934ರಲ್ಲಿ ಹುಟ್ಟಿದ ಕೃಷ್ಣಾನಂದ ಕಾಮತರು ಕ್ಯಾಮೆರಾ ಹೊತ್ತು ಗುಡಿಯಿಂದ ಗುಡಿಗೆ ಅಲೆದು ಈ ಚಿತ್ರಗಳನ್ನು ದಾಖಲಿಸಿದರು, ‘ಕಾವಿ ಕಲೆ’ ಎಂಬ ಪುಸ್ತಕವನ್ನೇ ಬರೆದರು. ಅವರ ಪ್ರವಾಸ ಎಂದರೆ ನಿಂತು ನೋಡುವುದು, ಕೇಳಿ ತಿಳಿಯುವುದು.

ಕ್ಯಾನ್ವಾಸಾದರೆ ಬೇರೆ ಕಡೆ ಒಯ್ಯಬಹುದು. ಕಾವಿ ಚಿತ್ರ ಗೋಡೆಯದೇ ಮೈ. ಗೋಡೆ ಬಿದ್ದರೆ ಅದೂ ಹೋಯಿತು. ಜೀರ್ಣೋದ್ಧಾರದ ಹೆಸರಿನಲ್ಲಿ ಟೈಲ್ಸ್ ಮತ್ತು ಆಯಿಲ್ ಪೇಂಟಿನ ಕೆಳಗೆ ಇಂಥ ಗೋಡೆಗಳು ಮರೆಯಾಗಿವೆ. ಈ ಸಭೆಯಲ್ಲಿ ದೇವಸ್ಥಾನ ಸಮಿತಿಗಳ ಹಿರಿಯರೂ ಇದ್ದೀರಿ. ದಯವಿಟ್ಟು ಕೆಲಸ ಶುರುಮಾಡುವ ಮೊದಲು ನಿಮ್ಮ ಗುಡಿಯ ಹಳೆಯ ಗೋಡೆಗಳನ್ನು ಬಲ್ಲವರಿಗೆ ತೋರಿಸಿ.